ಕೀಲಿನ ಬಿಗಿ, ಅಲಗಿನ ಹದ

ಒಳ್ಳೆಯ ಮಡಿಚುವ ಚಾಕನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ. ಅಲಗಿನ ಮೇಲಿನ ಸಣ್ಣ ಗೀರಿಗೆ ಉಗುರು ಸಿಕ್ಕಿಸಿ ಎಳೆದರೆ ಮೊದಲು ತುಸು ಬಿಗಿ, ಆಮೇಲೆ ಬೆಣ್ಣೆಯಂಥ ನುಣುಪು, ಕೊನೆಗೆ ಟಕ್ಕೆಂದು ಅಲಗು ನೆಟ್ಟಗೆ ನಿಲ್ಲುತ್ತದೆ. ಮಡಿಚುವಾಗಲೂ ಅದೇ ಸದ್ದು. ಸದ್ದು ಬೋಳಾಗಿದ್ದರೆ ಕೀಲು ಸಡಿಲ. ಗರಗರ ಅಂದರೆ ಒಳಗೆ ಅರ ಸರಿಯಾಗಿ ಆಡಿಲ್ಲ.

ಈ ಸದ್ದು ಹುಟ್ಟುವ ಬಗೆ ನೋಡುವಂಥದ್ದು. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಪಟ್ಟಿ ಕೂತಿರುತ್ತದೆ, ಅದೇ ಸ್ಪ್ರಿಂಗು. ಅಲಗಿನ ಬುಡವನ್ನು ಚೌಕವಾಗಿ ಕಡೆದಿರುತ್ತಾರೆ. ಅಲಗು ತಿರುಗಿದಂತೆ ಬುಡದ ಮೂಲೆ ಪಟ್ಟಿಯನ್ನು ಮೇಲಕ್ಕೆ ಎತ್ತುತ್ತದೆ. ಮೂಲೆ ದಾಟಿತೋ ಇಲ್ಲವೋ, ಪಟ್ಟಿ ಸಮತಟ್ಟಾದ ಮುಖದ ಮೇಲೆ ಬಡಿದು ಕೂರುತ್ತದೆ. ಒಬ್ಬೊಬ್ಬ ಗಿರಾಕಿಗೆ ಒಂದೊಂದೇ ಚಾಕು ಮಾಡಿಕೊಡುವ ಕಸುಬುದಾರ ಇಲ್ಲಿ ದಿನಗಟ್ಟಲೆ ಕೂರುತ್ತಾನೆ. ಅಲಗು ತೆರೆದಾಗ, ಅರ್ಧಕ್ಕೆ ನಿಂತಾಗ, ಮಡಿಚಿದಾಗ, ಮೂರು ಸಲವೂ ಪಟ್ಟಿಯ ಬೆನ್ನು ಹಿಡಿಯ ಅಂಚಿಗೆ ಸಮನಾಗಿರಬೇಕು. ಹೆಬ್ಬೆರಳು ಆಡಿಸಿದರೆ ಎಲ್ಲಿಯೂ ಏಣು ತಾಗಬಾರದು. ಒಂದೆಳೆ ಕೂದಲಿನಷ್ಟು ಹೆಚ್ಚು ಉಜ್ಜಿದರೆ ಪಟ್ಟಿ ಕೆಟ್ಟಿತು, ಹೊಸದನ್ನೇ ಮಾಡಬೇಕು. ಹದದ ವಿಷಯವೂ ಹೀಗೇ. ಅಲಗು ಗಡುಸಾಗಬೇಕು, ಪಟ್ಟಿ ಬಾಗಿ ಮರಳಬೇಕು, ಕೀಲುಮೊಳೆ ತುಸು ಮೆತ್ತಗಿದ್ದು ಬಡಿದಾಗ ಅದರ ತಲೆ ಅರಳಬೇಕು. ಅಂಗೈಯಗಲದ ವಸ್ತುವಿನಲ್ಲಿ ಲೋಹಕ್ಕೆ ಮೂರು ಹದ.

ಈ ಮಾತನ್ನು ತಳಕಲ್ಲಿನಲ್ಲಿ ನಿಂತು ಹೇಳುವುದಕ್ಕೆ ಕಾರಣವಿದೆ. ಕೊಪ್ಪಳದಿಂದ ಗದಗಿನ ಕಡೆಗೆ ಹೊರಟ ರೈಲು ಭಾನಾಪುರ ದಾಟಿದ ಮೇಲೆ ಸಿಗುವ ಊರು ಇದು. ಗದಗ–ವಾಡಿ ಹೊಸ ಮಾರ್ಗ ಕವಲೊಡೆಯುವುದು ಇಲ್ಲಿಂದಲೇ. 2025ರ ಮೇ ತಿಂಗಳಲ್ಲಿ ಕುಷ್ಟಗಿಯವರೆಗೆ ಆ ಮಾರ್ಗದಲ್ಲಿ ಪ್ರಯಾಣಿಕರ ರೈಲು ಓಡತೊಡಗಿತು. ಮಡಿಚುವ ಚಾಕಿಗೆ ಈ ಸೀಮೆ ಹೆಸರಾದದ್ದಲ್ಲ, ಆ ಹೆಸರು ಉತ್ತರ ಪ್ರದೇಶದ ರಾಂಪುರದ್ದು. ಆದರೆ ಅಂಥ ಚಾಕಿಗೆ ಬೇಕಾದ ಉಕ್ಕು, ಹದ, ಕೀಲು ಈ ಮೂರರ ಹಳೆಯ ಕಥೆಯೂ ಈ ಸೀಮೆಯ ನೆಲದಲ್ಲಿ, ಕುಲುಮೆಯಲ್ಲಿ, ಅಡಕಿ ಚಂಚಿಯಲ್ಲಿ ಇದೆ.

ನೆಲದಿಂದಲೇ ಶುರುಮಾಡಬಹುದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡದ ಮೇಲೆ ನಾಲ್ಕು ನೂರಕ್ಕೂ ಹೆಚ್ಚು ಕಲ್ಮನೆಗಳು, ಗೋರಿಗಳು ಸಾಲಾಗಿ ನಿಂತಿವೆ. ಊರವರು ಇದನ್ನು ಮೋರೇರ ಬೆಟ್ಟ ಅನ್ನುತ್ತಾರೆ. ಇವು ಕಬ್ಬಿಣ ಯುಗದ ಜನರ ಕೆಲಸ. ಅಲ್ಲಿಂದ ದಕ್ಷಿಣಕ್ಕೆ ತುಂಗಭದ್ರೆಯ ದಂಡೆಯಲ್ಲಿ, ಆನೆಗುಂದಿಯ ಬಳಿ, ಕಡೆಬಾಗಿಲು ಎಂಬ ಊರಿದೆ. ಈ ಶತಮಾನದ ಮೊದಲ ದಶಕದಲ್ಲಿ ಕಾರ್ಲಾ ಸಿನೊಪೊಲಿ, ಕ್ಯಾಥಲೀನ್ ಮಾರಿಸನ್ ಮತ್ತು ಕರ್ನಾಟಕದ ಪುರಾತತ್ವ ಇಲಾಖೆಯ ಆರ್. ಗೋಪಾಲ್ ಅವರ ತಂಡ ಅಲ್ಲಿ ಅಗೆಯಿತು. ಸಿಕ್ಕ ಕಬ್ಬಿಣದ ವಸ್ತುಗಳನ್ನು ಲೋಹ ವಿಜ್ಞಾನಿ ಶಾರದಾ ಶ್ರೀನಿವಾಸನ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಕ್ರಿಸ್ತಪೂರ್ವದ ಒಂದು ಬಳೆಯಂಥ ತುಣುಕಿನಲ್ಲಿ ಹೆಚ್ಚು ಇಂಗಾಲದ ಉಕ್ಕಿನ ಲಕ್ಷಣ ಕಂಡಿತು. ಬರಿಯ ಕಬ್ಬಿಣಕ್ಕೂ ಉಕ್ಕಿಗೂ ಇರುವ ಅಂತರವನ್ನು ಈ ದಂಡೆಯ ಕೈಗಳು ಅಷ್ಟು ಹಿಂದೆಯೇ ಮುಟ್ಟಿ ನೋಡಿದ್ದವು.

ಆಮೇಲಿನ ಸಾಕ್ಷಿ ಕಲ್ಲಿನಲ್ಲಿದೆ. ತಳಕಲ್ಲಿಗೆ ಹತ್ತಿರದ ಇಟಗಿಯಲ್ಲಿ ಚಾಳುಕ್ಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ ಗುಡಿ ಇದೆ. ಅದರ ನುಣುಪಾದ ಕಂಬಗಳ ಏಣು, ಬಳೆ, ಸೂಜಿಯಂಥ ಗೆರೆಗಳನ್ನು ನೋಡುವಾಗ ಎಲ್ಲರ ಮನಸ್ಸೂ ಶಿಲ್ಪಿಯ ಕಡೆ ಓಡುತ್ತದೆ. ಆ ಶಿಲ್ಪಿಯ ಉಳಿ ದಿನಕ್ಕೆಷ್ಟು ಸಲ ಮೊಂಡಾಗಿರಬೇಕು, ಅದಕ್ಕೆ ಪಕ್ಕದಲ್ಲೇ ಕುಲುಮೆ ಹೂಡಿ ಮತ್ತೆ ಬಾಯಿ ಬಡಿದು ಕೊಡುತ್ತಿದ್ದ ಕಂಬಾರ ಯಾರು ಎಂದು ಕೇಳುವವರು ಕಡಿಮೆ. ಗುಡಿಯ ಒಂದೊಂದು ಗೆರೆಯಲ್ಲೂ ಅವನ ಪಾಲಿದೆ.

ಇನ್ನು ಉಕ್ಕು. ದಕ್ಷಿಣದ ಕುಲುಮೆಗಳಲ್ಲಿ ಅದನ್ನು ಮಾಡುತ್ತಿದ್ದ ಬಗೆಯನ್ನು ಫ್ರಾನ್ಸಿಸ್ ಬುಕನನ್ 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತುವಾಗ ಬರೆದಿಟ್ಟ. ಮೆದು ಕಬ್ಬಿಣದ ತುಂಡುಗಳನ್ನು ಮಣ್ಣಿನ ಮೂಸೆಯಲ್ಲಿ ಹಾಕಿ, ಜೊತೆಗೆ ತಂಗಡಿ ಗಿಡದ ಕಡ್ಡಿ, ಹಸಿ ಎಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ತಿದಿ ಒತ್ತಿ ಗಂಟೆಗಟ್ಟಲೆ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲ ಕಬ್ಬಿಣದೊಳಗೆ ಇಳಿದು, ಮೂಸೆ ತಣಿದ ಮೇಲೆ ಒಡೆದರೆ ಒಂದು ಸಣ್ಣ ಗಟ್ಟಿ ಸಿಗುತ್ತಿತ್ತು. ಅದರಲ್ಲಿ ಇಂಗಾಲದ ಪಾಲು ಸುಮಾರು ಶೇ. 1ರಿಂದ 2. ತಂಗಡಿ ಅಂದರೆ ಬಯಲುಸೀಮೆಯ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ಗಿಡ. ಹೀಗೆ ಬಂದ ಉಕ್ಕಿನಿಂದ ಚನ್ನಪಟ್ಟಣದವರು ವಾದ್ಯಗಳ ತಂತಿ ಎಳೆಯುತ್ತಿದ್ದರೆಂದೂ ಬುಕನನ್ ದಾಖಲಿಸಿದ್ದಾನೆ. ಆ ತಂತಿ ದೂರದೂರದ ಊರುಗಳಿಗೆ ಹೋಗುತ್ತಿತ್ತು.

ಹೆಸರಿನದೊಂದು ಕಥೆ. ತಮಿಳು, ಮಲಯಾಳದಲ್ಲಿ ‘ಉರುಕು’ ಅಂದರೆ ಕರಗು. ಅದರಿಂದಲೇ ‘ಉರುಕ್ಕು’, ಅಂದರೆ ಕರಗಿಸಿ ಮಾಡಿದ ಲೋಹ. ಕನ್ನಡದ ಬಾಯಲ್ಲಿ ಅದು ಉಕ್ಕು. ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಗಟ್ಟಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳಿಸಿದ. 1795ರ ಜೂನ್‌ನಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಓದಿದ ಪ್ರಬಂಧದಲ್ಲಿ ಆ ಲೋಹ ‘ವೂಟ್ಸ್’ ಆಗಿತ್ತು. ಕನ್ನಡದ ‘ಉಕ್ಕು’ ಇಂಗ್ಲಿಷ್ ಬರವಣಿಗೆಯಲ್ಲಿ ರೂಪ ಕೆಟ್ಟು ಹಾಗಾಯಿತೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ.

ಪಿಯರ್ಸನ್‌ನ ಪ್ರಬಂಧದಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸೇರುವ ಒಂದು ಘಟನೆ ಇದೆ. ಬ್ಯಾಂಕ್ಸ್ ಕೇಳಿಕೊಂಡದ್ದರಿಂದ ಜೇಮ್ಸ್ ಸ್ಟೊಡಾರ್ಟ್ ಎಂಬ ಲಂಡನ್ನಿನ ಚಾಕು ಕಸುಬುದಾರ ಈ ಉಕ್ಕಿನ ತುಂಡಿನಿಂದ ತಾನೇ ಕೈಯಾರೆ ಒಂದು ಲೇಖನಿ ಚಾಕು ಬಡಿದ. ಗರಿಯ ಲೇಖನಿಯ ಮೊನೆ ಹೆರೆಯಲು ಓದು ಬರಹದವರೆಲ್ಲ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದ ಚಿಕ್ಕ ಚಾಕು ಅದು. ಇವತ್ತಿನ ಜೇಬುಚಾಕಿನ ಹಿರಿಯಣ್ಣ. ಯುರೋಪಿನ ಕಮ್ಮಾರರಿಗೆ ಈ ಉಕ್ಕು ಒಗ್ಗಿರಲಿಲ್ಲ. ತಮ್ಮ ಕಬ್ಬಿಣವನ್ನು ಕಾಯಿಸುವಂತೆ ಬೆಳ್ಳಗಾಗುವವರೆಗೆ ಕಾಯಿಸಿ ಬಡಿದರೆ ಅದು ಒಣ ರೊಟ್ಟಿಯಂತೆ ಪುಡಿಯಾಗುತ್ತಿತ್ತು. ಸ್ಟೊಡಾರ್ಟ್ ತಾಳ್ಮೆಯವನು. ಮಂದ ಕೆಂಪಿಗೆ ಕಾಯಿಸಿ ಬಡಿದ. ಆಮೇಲೆ 450 ಡಿಗ್ರಿ ಫ್ಯಾರನ್‌ಹೀಟ್‌ಗೆ ಹದ ಹಿಡಿದ. ಅದರ ಬಾಯಿ ಅತ್ಯುತ್ತಮ ಉಕ್ಕಿನ ಚಾಕಿನ ಸಮಕ್ಕೆ ನಿಂತಿತೆಂದು ಪಿಯರ್ಸನ್ ಬರೆದ. ವರ್ಷಗಟ್ಟಲೆ ಹೋಲಿಸಿ ನೋಡಿದ ಮೇಲೆ ಸ್ಟೊಡಾರ್ಟ್, ಸ್ಟ್ರ್ಯಾಂಡ್ ಬೀದಿಯ ತನ್ನ ಅಂಗಡಿಯ ಚೀಟಿಯ ಮೇಲೆಯೇ, ಯುರೋಪಿನ ಉಕ್ಕಿಗಿಂತ ಭಾರತದ ವೂಟ್ಸ್ ತನಗೆ ಮೇಲು ಎಂದು ಅಚ್ಚು ಹಾಕಿಸಿದ. ಮುಂದೆ ಅವನೊಂದಿಗೆ ಸೇರಿ ಈ ಉಕ್ಕಿನ ಗುಟ್ಟು ಹುಡುಕಲು ಹೊರಟವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಸಂಶೋಧನೆಗಳಿಂದ ಜಗತ್ತಿಗೆ ಗೊತ್ತಾಗುವ ಮೊದಲು ಈ ಕಮ್ಮಾರನ ಮಗ 1819ರಲ್ಲಿ ವೂಟ್ಸನ್ನು ಒಡೆದು ಪರೀಕ್ಷಿಸಿದ್ದ. 1820ರಲ್ಲಿ ಇಬ್ಬರೂ ಸೇರಿ ಉಕ್ಕಿನ ಮಿಶ್ರಲೋಹಗಳ ಬಗ್ಗೆ ಬರೆದರು.

ಆ 450 ಡಿಗ್ರಿ ಅಂದರೆ ಸೆಲ್ಸಿಯಸ್ ಲೆಕ್ಕದಲ್ಲಿ ಸುಮಾರು 232. ಇದೇ ಹದವನ್ನು ಮಾಪಕವಿಲ್ಲದೆ ಹಿಡಿಯುವ ವಿದ್ಯೆ ಹಳ್ಳಿಯ ಕುಲುಮೆಯದ್ದು, ಮತ್ತು ಈ ಬರಹದ ನಿಜವಾದ ಅಕ್ಕರೆ ಇರುವುದು ಅಲ್ಲಿಯೇ. ಕಂಬಾರ ಅಲಗನ್ನು ಕೆಂಪಗೆ ಕಾಯಿಸಿ ಇಕ್ಕಳದಲ್ಲಿ ಹಿಡಿದು ದೋಣಿಯ ನೀರಿಗೆ ಇಳಿಸುತ್ತಾನೆ. ಚುಂಯ್ ಎಂದ ಮೇಲೆ ಅದು ಗಾಜಿನಂತೆ ಗಡುಸು, ಗಾಜಿನಂತೆಯೇ ಒಡಕು. ಕೆಳಗೆ ಬಿದ್ದರೆ ಚೂರಾಗಬಹುದು. ಆ ಒಡಕುತನ ಇಳಿಸಲು ಮತ್ತೆ ಸಣ್ಣ ಕಾವು ಕೊಡಬೇಕು. ಅಲಗನ್ನು ಕಲ್ಲಿಗೆ ಉಜ್ಜಿ ಒಂದು ಪಟ್ಟಿಯಷ್ಟು ಬೆಳ್ಳಗೆ ಮಾಡಿ, ಕೆಂಡದ ಮೇಲೆ ತೋರಿಸಿದರೆ ಆ ಬಿಳುಪಿನ ಮೇಲೆ ಬಣ್ಣ ಓಡಾಡುತ್ತದೆ. ಮೊದಲು ಒಣಗಿದ ಜೋಳದ ಕಣಿಕೆಯ ಹಳದಿ, ಆಮೇಲೆ ಬೆಲ್ಲದ ಕಂದು, ಅದರ ಹಿಂದೆಯೇ ನೇರಳೆ, ಕೊನೆಗೆ ನವಿಲುಗತ್ತಿನ ನೀಲಿ. ಕಣಿಕೆಯ ಹಳದಿ ಬಂದ ಕ್ಷಣ ಅಲಗನ್ನು ನೀರಿಗೆ ಅದ್ದಿದರೆ ಅದು ಚೂರಿಯ ಹದ, ಸ್ಟೊಡಾರ್ಟ್ ಹಿಡಿದದ್ದೂ ಹೆಚ್ಚು ಕಡಿಮೆ ಇದನ್ನೇ. ನೀಲಿಯವರೆಗೆ ಬಿಟ್ಟರೆ, ಅಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ, ಅದು ಬಾಗಿ ಮರಳುವ ಸ್ಪ್ರಿಂಗಿನ ಹದ. ಮಡಿಚುವ ಚಾಕಿನ ಅಲಗು ಹಳದಿಯಲ್ಲಿ ನಿಂತರೆ ಬೆನ್ನುಪಟ್ಟಿ ನೀಲಿಯಲ್ಲಿ ನಿಲ್ಲುತ್ತದೆ. ಎರಡರ ನಡುವೆ ಕಣ್ಣು ಮಿಟುಕಿಸುವಷ್ಟೇ ಹೊತ್ತು. ಹಲವು ಕುಲುಮೆಗಳು ಮಬ್ಬುಗತ್ತಲಲ್ಲಿ ಇರುವುದಕ್ಕೂ ಇದೇ ಕಾರಣ: ಬಿಸಿಲಿನಲ್ಲಿ ಕಾವಿನ ಬಣ್ಣ ಸುಳ್ಳು ಹೇಳುತ್ತದೆ.

ಉತ್ತರ ಕರ್ನಾಟಕದಲ್ಲಿ ಕಮ್ಮಾರನಿಗೆ ಕಂಬಾರ ಅನ್ನುತ್ತಾರೆ. ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿರುವುದೂ ಆ ಕಸುಬೇ. ಹಳ್ಳಿಯ ಹನ್ನೆರಡು ಆಯಗಾರರಲ್ಲಿ ಕಂಬಾರ ಒಬ್ಬ. ಮುಂಗಾರಿಗೆ ಮುಂಚೆ ಊರಿನವರ ಕುಳ ಹಣಿದು ಕೊಡುವುದು, ಕುಂಟೆಯ ತಾಳು ಬಡಿಯುವುದು, ಸುಗ್ಗಿಗೆ ಕುಡಗೋಲಿನ ಹಲ್ಲು ಕೊರೆಯುವುದು ಅವನ ಪಾಲು. ಅದಕ್ಕೆ ಕಣದಲ್ಲಿ ರಾಶಿಯಾದಾಗ ಜೋಳದ ಆಯ. ಉಕ್ಕು ತುಟ್ಟಿಯ ವಸ್ತುವಾಗಿದ್ದ ಕಾಲಕ್ಕೆ ಮೈಗೆಲ್ಲ ಕಬ್ಬಿಣ, ಬಾಯಿಗೆ ಮಾತ್ರ ಉಕ್ಕು ಬೆಸೆಯುವ ರೂಢಿ ಇತ್ತು. ಈಗ ಅವನಿಗೆ ಸಿಗುವುದು ಹಳೆಯ ಲಾರಿಯ ಕಮಾನು ಪಟ್ಟಿ. ಅದರಲ್ಲಿ ಇಂಗಾಲ ಶೇ. 0.5–0.6ರಷ್ಟು. ಒಳ್ಳೆಯ ಕೊಡಲಿ, ಕುಡಗೋಲಿಗೆ ಸಾಕು, ತೆಳುವಾದ ಚೂರಿಯ ಬಾಯಿಗೆ ತುಸು ಕಮ್ಮಿ. ಬೇರಿಂಗಿನ ಉಕ್ಕಿನಲ್ಲಿ ಶೇ. 1ರಷ್ಟು ಇರುತ್ತದೆ. ಯಾವ ತುಂಡು ಯಾವುದೆಂದು ಅನುಭವಸ್ಥ ಕಂಬಾರ ಸಾಣೆಯ ಗಾಲಿಗೆ ಹಿಡಿದು, ಹಾರುವ ಕಿಡಿಯ ಕವಲು ನೋಡಿ ಹೇಳುತ್ತಾನೆ. ಇಂಗಾಲ ಹೆಚ್ಚಿದಷ್ಟೂ ಕಿಡಿ ಹೂವಿನಂತೆ ಒಡೆಯುತ್ತದೆ.

ಕೀಲಿನ ಕಥೆ ಇನ್ನೂ ಹತ್ತಿರದ್ದು, ನಡುಮನೆಯದ್ದು. ಮಡಿಚಿ ತೆಗೆಯುವ, ಜೊತೆಯಲ್ಲೇ ಒಯ್ಯುವ, ಬಾಯಿ ಇರುವ ಸಾಮಾನು ಈ ಸೀಮೆಯ ಹಿರಿಯರ ಬಳಿ ಒಂದು ಇದ್ದೇ ಇತ್ತು: ಅಡಕೊತ್ತು. ಅಡಕತ್ತರಿ ಅಂದರೂ ಅದೇ. ಬಟ್ಟೆಯ ಚಂಚಿಯ ಪದರುಗಳಲ್ಲಿ ಎಲೆ, ಅಡಕಿ, ಸುಣ್ಣದ ಡಬ್ಬಿ, ತಂಬಾಕು. ಅವುಗಳ ನಡುವೆ ಬಾಯಿ ಮುಚ್ಚಿಕೊಂಡ ಅಡಕೊತ್ತು. ಎರಡು ತೋಳು, ಒಂದು ಕೀಲು, ಅಷ್ಟೇ ಅದರ ರಚನೆ. ಕೆಳಗಿನ ತೋಳು ಅಡಕಿಗೆ ಆಸರೆ, ಮೇಲಿನದಕ್ಕೆ ಅಲಗು. ಅಡಕಿ ಕೀಲಿನ ಸಮೀಪ ಕೂರುವುದರಿಂದ ಮುದುಕಿಯ ಕೈಗೂ ಗೋಟಡಕಿ ಕತ್ತರಿಸುವ ಬಲ ಬರುತ್ತದೆ. ಕೀಲು ಅಡ್ಡಕ್ಕೆ ಒಂದಿಷ್ಟು ಅಲುಗಿದರೂ ಅಲಗು ಓರೆಯಾಗಿ ಇಳಿಯುತ್ತದೆ, ಅಡಕಿ ಹೋಳಾಗುವ ಬದಲು ಸಿಡಿಯುತ್ತದೆ. ಆದ್ದರಿಂದ ಅಡಕೊತ್ತು ಕೊಳ್ಳುವವರು ಮೊದಲು ನೋಡುತ್ತಿದ್ದದ್ದು ಅಲಗನ್ನಲ್ಲ. ಎರಡೂ ತೋಳು ಹಿಡಿದು ಅಡ್ಡಡ್ಡ ಅಲ್ಲಾಡಿಸಿ ಕೀಲನ್ನು ನೋಡುತ್ತಿದ್ದರು. ಜೇಬುಚಾಕಿನ ಪಾರಖಿ ಮಾಡುವುದೂ ಇದನ್ನೇ.

ಅಡಕೊತ್ತಿನ ಮೇಲೆ ಕಸುಬುದಾರ ತನ್ನ ಪ್ರೀತಿ ಸುರಿಯುತ್ತಿದ್ದ. ಕೀಲಿನ ತಲೆಗೆ ಗಿಣಿ, ನವಿಲು, ಕುದುರೆ. ಹಿತ್ತಾಳೆಯ ತೋಳಿನಲ್ಲಿ ಬಳ್ಳಿಯ ಕೆತ್ತನೆ, ಬಾಯಿಗೆ ಮಾತ್ರ ಉಕ್ಕು. ಅಂಥವನ್ನು ಸಾಲಾಗಿ ನೋಡಬೇಕೆಂದರೆ ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಅಡಕಿ ಎಲೆಯ ರೂಢಿಯ ಹಳಮೆಯನ್ನು ಹೇಳಬೇಕಿಲ್ಲ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಶಿಯಾದ ರಾಯಭಾರಿ ಅಬ್ದುಲ್ ರಜಾಕ್ ತಾಂಬೂಲವನ್ನು ಮೆಚ್ಚಿ ಬರೆದಿದ್ದಾನೆ. ಮದುಮಗ ಅರಿಷಿಣ ಹಚ್ಚಿಸಿಕೊಂಡ ಗಳಿಗೆಯಿಂದ ಚೂರಿಯನ್ನೋ ಅಡಕೊತ್ತನ್ನೋ ನಿಂಬೆಹಣ್ಣು ಚುಚ್ಚಿ ಕೈಬಿಡದೆ ಹಿಡಿದಿರುವ ರೂಢಿ ಈ ಭಾಗದ ಮನೆಗಳಲ್ಲಿ ಇನ್ನೂ ಇದೆ. ಖಂಡೇಪೂಜೆಯ ದಿನ ಕುಡಗೋಲು, ಕೊಡಲಿಯ ಪಕ್ಕ ಅದಕ್ಕೂ ಕುಂಕುಮ.

ಎಲೆ ಅಡಕಿಯ ಚೀಲಕ್ಕೆ ಹಳಗನ್ನಡದ ಹೆಸರು ಹಡಪ. ಬಸವಣ್ಣನ ಹಡಪ ಹಿಡಿದವನು ಹಡಪದ ಅಪ್ಪಣ್ಣ. ಅವನೂ ಹೆಂಡತಿ ಲಿಂಗಮ್ಮನೂ ವಚನ ಬರೆದವರು. ಮುಂದೆ ಅದೇ ಮಾತು ಕ್ಷೌರಿಕರ ಸಾಮಾನಿನ ಚೀಲಕ್ಕೂ ನಿಂತಿತು, ಅವರ ಸಮುದಾಯ ಇಂದು ಹಡಪದವರೆಂದೇ ಕರೆದುಕೊಳ್ಳುತ್ತದೆ. ಆ ಎರಡನೆಯ ಹಡಪದೊಳಗೆ ಇರುತ್ತಿದ್ದದ್ದು ಮಡಿಚುವ ಅಲಗುಗಳಲ್ಲೇ ಅತಿ ಸೂಕ್ಷ್ಮವಾದದ್ದು: ಕ್ಷೌರದ ಕತ್ತಿ. ಎರಡು ಪಟ್ಟಿಗಳ ನಡುವೆ ಮಡಿಚಿ ಕೂರುವ ಅದಕ್ಕೆ ಸ್ಪ್ರಿಂಗಿಲ್ಲ, ಬೀಗವಿಲ್ಲ. ಒಂದೇ ಕೀಲುಮೊಳೆಯ ಬಿಗಿಯ ಮೇಲೆ ಎಲ್ಲ ನಿಂತಿದೆ. ಅಲಗಿನ ಎರಡೂ ಮಗ್ಗುಲು ಒಳಕ್ಕೆ ತಗ್ಗಾಗಿ ಬಾಯಿಯ ಹತ್ತಿರ ಕಾಗದಕ್ಕಿಂತ ತೆಳುವಾಗುತ್ತದೆ. ಸಾಣೆಕಲ್ಲಿನ ಮೇಲೆ ಹದವಾಗಿ ಎಳೆದು, ಆಮೇಲೆ ಚರ್ಮದ ಪಟ್ಟಿಯ ಮೇಲೆ ಬಾಯಿ ಹಿಂದಾಗಿ ತಿಕ್ಕಿ, ಅಂಗೈಗೆ ಮುಟ್ಟಿಸಿ ನೋಡುವ ಆ ಕೈಚಳಕ ಹಾಳೆ ಬ್ಲೇಡು ಬಂದ ಮೇಲೆ ಊರ ಕಟ್ಟೆಯಿಂದ ಸರಿಯಿತು.

ಇಷ್ಟೆಲ್ಲ ಇದ್ದರೂ ಈ ಸೀಮೆಯಲ್ಲಿ ಚಾಕಿನ ಕಸುಬು ಪೇಟೆಯಾಗಿ ಬೆಳೆಯಲಿಲ್ಲ. ಅದಕ್ಕೆ ಹತ್ತೊಂಬತ್ತನೆಯ ಶತಮಾನದ ಪೆಟ್ಟುಗಳನ್ನು ನೆನೆಯಬೇಕು. 1857ರಲ್ಲಿ ಕಂಪನಿ ಸರ್ಕಾರ ಆಯುಧಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರಿನಲ್ಲಿ ಸೈನ್ಯ ಬಂದು ಊರಿಗೆ ಬೆಂಕಿ ಇಟ್ಟಿತು, ಸೆರೆ ಸಿಕ್ಕ ಹಲವರನ್ನು ಗಲ್ಲಿಗೇರಿಸಿತು. ಲಾವಣಿಕಾರರು ಅದನ್ನು ಹಾಡಿದರು, ಬ್ರಿಟಿಷ್ ಅಧಿಕಾರಿ ಫ್ಲೀಟ್ ಆ ಲಾವಣಿಯನ್ನು ಸಂಗ್ರಹಿಸಿದ. ಮರುವರ್ಷ, 1858ರಲ್ಲಿ, ಮುಂಡರಗಿ ಭೀಮರಾಯ ಕೊಪ್ಪಳದ ಕೋಟೆ ಹಿಡಿದು ಅಲ್ಲಿಯೇ ಮಡಿದ. 1878ರಲ್ಲಿ ಆಯುಧ ಕಾಯಿದೆ ಬಂತು. ಕತ್ತಿ, ಕಠಾರಿ ಮಾಡಿಸುವ ಗಿರಾಕಿ ಹೋದ. ಅದೇ ಹೊತ್ತಿಗೆ ಇಂಗ್ಲೆಂಡಿನ ಅಗ್ಗದ ಕಬ್ಬಿಣ, ಶೆಫೀಲ್ಡಿನ ಚಾಕು ಪೇಟೆಗೆ ಇಳಿದವು. ಇದ್ದಿಲಿಗೆ ಕಾಡು ಸಿಗುವುದೂ ಕಷ್ಟವಾಯಿತು. ಮೂಸೆಯ ಉಕ್ಕು ಕಣ್ಮರೆಯಾಯಿತು. ಲಂಡನ್ನಿನ ಕಸುಬುದಾರ ಮೆಚ್ಚಿ ಅಚ್ಚು ಹಾಕಿಸಿದ ಲೋಹವನ್ನು ಮಾಡುವವರೇ ಇಲ್ಲವಾದದ್ದು ನಮ್ಮ ಕಸುಬಿನ ಚರಿತ್ರೆಯ ದೊಡ್ಡ ನಷ್ಟ.

ಕರ್ನಾಟಕದಲ್ಲಿ ಒಂದು ಕಡೆ ಮಾತ್ರ ಮೈಮೇಲೆ ಧರಿಸುವ ಚೂರಿಯ ಕುಶಲತೆ ಹಬ್ಬದ ಉಡುಪಿನೊಂದಿಗೆ ಉಳಿಯಿತು. ಕೊಡಗಿನ ಪೀಚೆಕತ್ತಿ ಮಡಿಚುವಂಥದ್ದಲ್ಲ. ಆದರೆ ಅದರ ಬೆಳ್ಳಿಯ ಹಿಡಿ, ಗಿಣಿಮೂತಿ, ಒರೆಗೆ ಸರಪಣಿಯಲ್ಲಿ ತೂಗುವ ಚಿಮುಟ, ಕಿವಿಗುಗ್ಗೆ ತೆಗೆಯುವ ಕಡ್ಡಿ ಇವನ್ನೆಲ್ಲ ನೋಡಿದರೆ ಒಂದೇ ಸಾಮಾನಿನಲ್ಲಿ ಹಲವು ಉಪಯೋಗ ಕೂಡಿಸುವ ಆಸೆ ಹೊಸತಲ್ಲವೆಂದು ಗೊತ್ತಾಗುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸನರ್ 1897ರಲ್ಲಿ ಹಕ್ಕು ಪಡೆದ ಚಾಕಿನ ಜಾಣ್ಮೆಯೂ ಇಂಥದ್ದೇ: ಒಂದೇ ಬೆನ್ನುಪಟ್ಟಿ ಎರಡೂ ಕಡೆಯ ಅಲಗುಗಳಿಗೆ ಸ್ಪ್ರಿಂಗಾಗುವಂತೆ ಅವನು ಹೊಂದಿಸಿದ. ರಾಂಪುರದ ಚಾಕಿನ ದಾರಿ ಬೇರೆ. ಸಿನಿಮಾಗಳು ಅದನ್ನು ಪುಂಡರ ಕೈಗೆ ಕೊಟ್ಟವು, 1990ರ ದಶಕದಲ್ಲಿ ಅಲ್ಲಿಯ ಸರ್ಕಾರ ನಾಲ್ಕೂವರೆ ಇಂಚು ಮೀರಿದ ಅಲಗನ್ನು ನಿಷೇಧಿಸಿತು, ಕಸುಬು ಸೊರಗಿತು. 2023ರಲ್ಲಿ ಅದೇ ಊರಿನ ವೃತ್ತದಲ್ಲಿ ಇಪ್ಪತ್ತು ಅಡಿ ಉದ್ದದ ಚಾಕಿನ ಪ್ರತಿಕೃತಿ ನಿಲ್ಲಿಸಿದರು.

ಅಳಿದುಹೋದ ಉಕ್ಕನ್ನು ಮತ್ತೆ ಹುಟ್ಟಿಸಿದ್ದು ಒಬ್ಬ ಚಾಕು ಮಾಡುವವನ ಕುಲುಮೆಯೇ. ಅಮೆರಿಕದ ಫ್ಲೋರಿಡಾದಲ್ಲಿ ಕುದುರೆ ಲಾಳ ಕಟ್ಟುತ್ತಿದ್ದ, ಚಾಕು ಬಡಿಯುತ್ತಿದ್ದ ಆಲ್ಫ್ರೆಡ್ ಪೆಂಡ್ರೆ ಲೋಹ ವಿಜ್ಞಾನಿ ಜಾನ್ ವರ್ಹೋವನ್ ಜೊತೆ ವರ್ಷಗಟ್ಟಲೆ ಮೂಸೆ ಕಾಯಿಸಿದ. ಹಳೆಯ ಅಲಗುಗಳ ಮೈಮೇಲೆ ಹರಿಯುವ ನೀರಿನಂತೆ ಕಾಣುವ ಗೆರೆಗಳಿಗೆ ಅದಿರಿನಲ್ಲಿರುವ ವನೇಡಿಯಂನಂಥ ಧಾತುಗಳ ಅತಿ ಸಣ್ಣ ಪಾಲು ಕಾರಣವೆಂದು ಅವರು 1998ರಲ್ಲಿ ತೋರಿಸಿದರು. ಹಳೆಯ ಕಂಬಾರರಿಗೆ ಆ ಧಾತುವಿನ ಹೆಸರು ಗೊತ್ತಿರಲಿಲ್ಲ, ಯಾವ ಗುಡ್ಡದ ಅದಿರು ಒಳ್ಳೆಯದೆಂಬುದು ಗೊತ್ತಿತ್ತು.

ತಳಕಲ್ಲಿನಿಂದ ಹೊಸಪೇಟೆಯ ಕಡೆಗೆ ರೈಲಿನಲ್ಲಿ ಹೋದರೆ ಗಿಣಿಗೇರಿಯಲ್ಲಿ ಕಿಟಕಿಯಾಚೆ ಉಕ್ಕಿನ ಕಾರ್ಖಾನೆಗಳ ಚಿಮಣಿಗಳು ಕಾಣುತ್ತವೆ. ಮೋರೇರ ಬೆಟ್ಟ ಇರುವ ಜಿಲ್ಲೆಯಲ್ಲೇ ಈಗ ವಾಹನಗಳ ಬಿಡಿಭಾಗಕ್ಕೆ ಹೋಗುವ ಉಕ್ಕು ಕರಗುತ್ತದೆ. ಅದರದ್ದೇ ಜಾತಿಯ ಉಕ್ಕು ಲಾರಿಯಾಗಿ ಓಡಿ, ಸವೆದು, ಗುಜರಿಗೆ ಬಂದು, ಕೊನೆಗೆ ಹಳ್ಳಿಯ ಕುಲುಮೆಗೆ ಸೇರಿ ಕುಡಗೋಲಾಗುತ್ತದೆ.

ಸಡಿಲಾದ ಅಡಕೊತ್ತು ಇಂದಿಗೂ ಅಲ್ಲಿಗೇ ಹೋಗಬೇಕು. ಕಂಬಾರ ಅದನ್ನು ತೆರೆದು, ಎರಡೂ ತೋಳು ಹಿಡಿದು ಅಡ್ಡಕ್ಕೆ ಅಲ್ಲಾಡಿಸುತ್ತಾನೆ. ಕೀಲನ್ನು ಅಡಗಲ್ಲಿನ ಅಂಚಿಗಿಟ್ಟು ಸಣ್ಣ ಸುತ್ತಿಗೆಯಿಂದ ಮೊಳೆಯ ತಲೆಗೆ ಒಂದು ಏಟು, ತಿರುವಿ ಇನ್ನೊಂದು ಬದಿಗೆ ಒಂದು ಏಟು. ಮೂರನೆಯದನ್ನು ಹಾಕುವ ಮೊದಲು ತಡೆಯುತ್ತಾನೆ, ಹೆಚ್ಚಾದರೆ ಕೀಲು ಕಚ್ಚಿಕೊಳ್ಳುತ್ತದೆ. ಒಂದು ಹನಿ ಎಣ್ಣೆ ಬಿಟ್ಟು ತೆರೆದು ಮುಚ್ಚಿ, ತೆರೆದು ಮುಚ್ಚಿ, ಕಿವಿಯ ಹತ್ತಿರ ಹಿಡಿದು ಕೇಳುತ್ತಾನೆ. ಆಮೇಲೆ ಒಂದು ಗೋಟಡಕಿ ಕೊಡಿರೆಂದು ಕೈ ಚಾಚುತ್ತಾನೆ.